27994681 × 441 = 12345654321: ಈ ಗುಣ್ಯ ಎಲ್ಲಿಂದ ಬಂತು?

ಕಾಗಿಣಾ ದಡ (ಪ್ರಶ್ನೆ)

ನಾನು ಸೇಡಂ ತಾಲ್ಲೂಕಿನ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ಗಣಿತ ಕಲಿಸುತ್ತೇನೆ. ಮಳಖೇಡ ನಮಗೆ ಹತ್ತಿರ. ರಾಷ್ಟ್ರಕೂಟರ ಮಾನ್ಯಖೇಟ ಅದೇ ಊರು. ಒಂಬತ್ತನೆಯ ಶತಮಾನದಲ್ಲಿ ಅಮೋಘವರ್ಷ ನೃಪತುಂಗ ಅಲ್ಲಿಂದ ಆಳುತ್ತಿದ್ದಾಗ ಮಹಾವೀರಾಚಾರ್ಯ 'ಗಣಿತಸಾರಸಂಗ್ರಹ' ಬರೆದ. ಗ್ರಂಥದ ಮೊದಲಲ್ಲೇ ಆ ಅರಸನನ್ನು ಕೊಂಡಾಡಿದ. ಆ ಕೋಟೆಯ ಗೋಡೆಗಳನ್ನು ನೋಡಿಕೊಂಡೇ ಬೆಳೆದ ಮಕ್ಕಳಿಗೆ ಆತನ ಲೆಕ್ಕಗಳ ಪರಿಚಯವಿಲ್ಲ ಎಂಬುದು ನನಗೆ ಸಹಿಸಲಾಗದ ಸಂಗತಿ. ಅದಕ್ಕಾಗಿ ಈ ವರ್ಷ ಒಂಬತ್ತನೆಯ ತರಗತಿಯಲ್ಲಿ ಪಠ್ಯದ ನಡುವೆ ಬಿಡುವು ಸಿಕ್ಕಾಗಲೆಲ್ಲ ಆತನ ಒಂದೊಂದು ಲೆಕ್ಕವನ್ನು ಹಲಗೆಯ ಮೇಲೆ ಬರೆಯುತ್ತಿದ್ದೇನೆ.

ಗುಣಾಕಾರದ ಭಾಗದಲ್ಲಿ ಆತ ಕೆಲವು ವಿಶೇಷ ಲೆಕ್ಕಗಳನ್ನು ಕೊಡುತ್ತಾನೆ. ಅವುಗಳ ಉತ್ತರ ಎಡದಿಂದ ಓದಿದರೂ ಬಲದಿಂದ ಓದಿದರೂ ಒಂದೇ. ಇಂತಹ ಗುಣಲಬ್ಧಗಳನ್ನು ಕಂಠಿಕೆ, ಕಂಠಾಭರಣ, ಅಂದರೆ ಕೊರಳ ಹಾರ, ಎಂದು ಕರೆಯುತ್ತಾನೆ. 139ನ್ನು 109ರಿಂದ ಗುಣಿಸಿದರೆ 15151. 152207ನ್ನು 73ರಿಂದ ಗುಣಿಸಿದರೆ ಎಂಟು ಒಂದುಗಳು. 12345679ನ್ನು 9ರಿಂದ ಗುಣಿಸಿದರೆ ಒಂಬತ್ತು ಒಂದುಗಳು. 142857143ನ್ನು 7ರಿಂದ ಗುಣಿಸಿದರೆ 1000000001. ಇವೆಲ್ಲದರ ಜೊತೆ ಇದೂ ಇದೆ: 27994681 × 441 = 12345654321.

ಮಕ್ಕಳು ಇದನ್ನು ಹಲಗೆಯ ಮೇಲೆ ಸಾಲು ಸಾಲಾಗಿ ಗುಣಿಸಿದರು. ಮೊದಲ ಸಾಲು 27994681. ಅದರ ಕೆಳಗೆ ಒಂದು ಸ್ಥಾನ ಬಿಟ್ಟು 111978724, ಮತ್ತೊಂದು ಸ್ಥಾನ ಬಿಟ್ಟು ಮತ್ತೆ ಅದೇ 111978724. ಆ ಮೂರು ಸಾಲುಗಳಲ್ಲಿ ಯಾವ ಕ್ರಮವೂ ಕಾಣುವುದಿಲ್ಲ. ಕೂಡಿಸುತ್ತ ಬಲದಿಂದ ಎಡಕ್ಕೆ ಹೋದಾಗ 1, 2, 3, 4, 5, 6 ಎಂದು ಹತ್ತಿ ಮತ್ತೆ ಒಂದಕ್ಕೆ ಇಳಿಯಿತು. ತರಗತಿಯಲ್ಲಿ ಚಪ್ಪಾಳೆ. ಆಗ ಒಬ್ಬ ಹುಡುಗಿ ಎದ್ದು ನಿಂತು ಕೇಳಿದಳು: "ಸರ್, ಉತ್ತರ ಚೆನ್ನಾಗಿದೆ. ಆದರೆ 27994681 ಎಂಬ ಸಂಖ್ಯೆಯನ್ನೇ ತೆಗೆದುಕೊಳ್ಳಬೇಕು ಎಂದು ಅವರಿಗೆ ಹೇಗೆ ತಿಳಿಯಿತು?"

ಇದಕ್ಕಿಂತ ಒಳ್ಳೆಯ ಪ್ರಶ್ನೆಯನ್ನು ನಾನು ತರಗತಿಯಲ್ಲಿ ಕೇಳಿಲ್ಲ. 441 ಎಂದರೆ 21ರ ವರ್ಗ, 12345654321 ಎಂದರೆ 111111ರ ವರ್ಗ ಎಂಬಷ್ಟು ನನಗೆ ಗೊತ್ತಿದೆ. ಆದರೆ ಆ ಹುಡುಗಿಗೆ ಬೇಕಾದದ್ದು ದಾರಿ. "ಅದು ಗಣಿತದ ಚಮತ್ಕಾರ" ಎಂದು ಹೇಳಿ ಕೂರಿಸಲು ನನಗೆ ಮನಸ್ಸಿಲ್ಲ. ಮೊಬೈಲ್‌ನಲ್ಲಿ ಓಡಾಡುವ ವಿಡಿಯೊಗಳು ಅದನ್ನೇ ಹೇಳುತ್ತಿವೆ, ಮಕ್ಕಳು ಬೆರಗಾಗಿ ಅಲ್ಲಿಗೇ ನಿಲ್ಲುತ್ತಾರೆ. ಗಣಕಯಂತ್ರ ಇಲ್ಲದೆ, ಕಾಗದ ಪೆನ್ಸಿಲ್ಲಿನಲ್ಲಿ, ಒಂಬತ್ತನೆಯ ತರಗತಿಯ ಮಕ್ಕಳು ತಾವೇ ತಲುಪಬಹುದಾದ ದಾರಿ ಇದ್ದರೆ ತಿಳಿಸಿ. ಇನ್ನೂ ಒಂದು ಸಂಶಯ: ಹತ್ತುವುದನ್ನು ಆರಕ್ಕೆ ಏಕೆ ನಿಲ್ಲಿಸಿದ? ಏಳಕ್ಕೋ ಒಂಬತ್ತಕ್ಕೋ ಹೋಗಬಹುದಿತ್ತಲ್ಲ?

ಶೇಷಫಲ

ಮೇಷ್ಟ್ರೇ, ನಾನು ಹಾಸನದಲ್ಲಿ ಪದವಿ ಕಾಲೇಜಿನಲ್ಲಿ ಗಣಿತ ಕಲಿಸಿ ನಿವೃತ್ತಳಾದವಳು. ಆ ಹುಡುಗಿಗೆ ನನ್ನ ನಮಸ್ಕಾರ ತಿಳಿಸಿ. ಅವಳು ಕೇಳಿದ್ದು ಗುಣಾಕಾರದ ಪ್ರಶ್ನೆಯಲ್ಲ, ಅಪವರ್ತನದ ಪ್ರಶ್ನೆ. ಉತ್ತರ ಹುಡುಕಬೇಕಾದದ್ದು ಬಲಗಡೆಯಿಂದ. ಮೊದಲು ಹಾರ, ಅಂದರೆ ಕಂಠಾಭರಣದಂತಹ ಆ ಉತ್ತರ; ಆಮೇಲೆ ಅದನ್ನು ಬಿಡಿಸಿದ ಎರಡು ತುಂಡುಗಳು.

ಮಕ್ಕಳಿಂದ ಮೊದಲು ಒಂದು ಕೆಲಸ ಮಾಡಿಸಿ. 27994681ರ ವರ್ಗಮೂಲವನ್ನು ಭಾಗಾಕಾರ ಕ್ರಮದಲ್ಲಿ ತೆಗೆಯಲಿ. ಎಂಟನೆಯ ತರಗತಿಯಲ್ಲಿ ಕಲಿತದ್ದೇ ಸಾಕು. ಜೋಡಿಗಳು 27, 99, 46, 81. ಐದೈದಲೆ ಇಪ್ಪತ್ತೈದು, ಶೇಷ 2. ಮುಂದೆ 299, 102ನ್ನು 2ರಿಂದ ಗುಣಿಸಿದರೆ 204, ಶೇಷ 95. ಮುಂದೆ 9546, 1049ನ್ನು 9ರಿಂದ ಗುಣಿಸಿದರೆ 9441, ಶೇಷ 105. ಕೊನೆಗೆ 10581; ಅದರಲ್ಲಿ 10581 ಒಂದು ಸಲ, ಶೇಷ ಸೊನ್ನೆ. ವರ್ಗಮೂಲ 5291. ಯಾವ ಕ್ರಮವೂ ಇಲ್ಲದಂತೆ ಕಂಡ ಆ ಎಂಟು ಅಂಕಿಗಳ ಸಂಖ್ಯೆ ಪೂರ್ಣವರ್ಗ! ಇದನ್ನು ಮಕ್ಕಳು ತಮ್ಮ ಕೈಯಿಂದಲೇ ಕಂಡುಕೊಳ್ಳಲಿ, ನೀವು ಮೊದಲೇ ಹೇಳಬೇಡಿ. 441 ಕೂಡ ವರ್ಗ. 21ನ್ನು 5291ರಿಂದ ಗುಣಿಸಿದರೆ 111111. ಅಂದರೆ ಮಹಾವೀರನ ಲೆಕ್ಕದ ಒಳಗಿರುವುದು 21 × 5291 = 111111 ಎಂಬ ಚಿಕ್ಕ ಲೆಕ್ಕ; ಎರಡೂ ಕಡೆ ವರ್ಗ ಮಾಡಿದಾಗ ಹೊರಗಿನ ರೂಪ ಬಂತು.

ಇದೇ ಕ್ರಮದಲ್ಲಿ 12345654321ರ ವರ್ಗಮೂಲವನ್ನೂ ತೆಗೆಸಿ. ಪ್ರತಿ ಹೆಜ್ಜೆಯಲ್ಲೂ 1 ಬರುತ್ತದೆ, ಭಾಜಕಗಳು 21, 221, 2221, 22221, 222221 ಎಂದು ಬೆಳೆಯುತ್ತವೆ. ವರ್ಗಮೂಲದ ಲೆಕ್ಕ ಎಂದರೆ ಹೆದರುವ ಮಕ್ಕಳಿಗೆ ಇದಕ್ಕಿಂತ ಒಳ್ಳೆಯ ಅಭ್ಯಾಸ ನಾನು ಕಂಡಿಲ್ಲ.

ಇನ್ನು ಏರಿ ಇಳಿಯುವುದು ಏಕೆ? 111111ನ್ನು 111111ರಿಂದ ಗುಣಿಸುವುದೆಂದರೆ ಅದೇ ಸಂಖ್ಯೆಯನ್ನು ಆರು ಸಲ, ಪ್ರತಿ ಸಲ ಒಂದು ಸ್ಥಾನ ಎಡಕ್ಕೆ ಸರಿಸಿ, ಒಂದರ ಕೆಳಗೊಂದು ಬರೆದು ಕೂಡಿಸುವುದು. ಬಲತುದಿಯ ಕಂಬಸಾಲಿನಲ್ಲಿ ಒಂದೇ ಒಂದು 1. ಅದರ ಪಕ್ಕದಲ್ಲಿ ಎರಡು. ನಡುವೆ ಆರು. ಮತ್ತೆ ಐದು, ನಾಲ್ಕು, ಕೊನೆಗೆ ಒಂದು. ಉತ್ತರದಲ್ಲಿ ನಾವು ಓದುತ್ತಿರುವುದು ಆಯಾ ಸ್ಥಾನದಲ್ಲಿ ಎಷ್ಟು 1ಗಳಿವೆ ಎಂಬ ಎಣಿಕೆಯನ್ನು. ಎಣಿಕೆ ಎಲ್ಲೂ ಒಂಬತ್ತನ್ನು ಮೀರುವುದಿಲ್ಲವಾದ್ದರಿಂದ ಮುಂದಿನ ಸ್ಥಾನಕ್ಕೆ ದಶಕ ಹೋಗುವುದಿಲ್ಲ, ಎಣಿಕೆ ಕೆಡುವುದಿಲ್ಲ. ಒಟ್ಟು ಆರಾರಲೆ ಮೂವತ್ತಾರು 1ಗಳು. 12345654321ರ ಅಂಕಿಗಳನ್ನು ಕೂಡಿಸಿ ನೋಡಿ, 36 ಬರುತ್ತದೆ. ಒಂಬತ್ತು ಒಂದುಗಳವರೆಗೆ ಇದು ನಡೆಯುತ್ತದೆ. ಹತ್ತು ಒಂದುಗಳನ್ನು ತೆಗೆದುಕೊಂಡರೆ ನಡುವಿನ ಸಾಲಿನಲ್ಲಿ ಹತ್ತು ಸೇರಿ ದಶಕ ಮುಂದಕ್ಕೆ ಹೋಗುತ್ತದೆ, ವರ್ಗ 1234567900987654321 ಆಗುತ್ತದೆ.

ಈಗ ನಿಮ್ಮ ಕೊನೆಯ ಸಂಶಯ, ನನಗೆ ಎಲ್ಲಕ್ಕಿಂತ ಪ್ರಿಯವಾದದ್ದು. ಏಕೆ ಆರು? ಮಕ್ಕಳು ಬರಿಯ ಒಂದುಗಳಿಂದಾದ ಸಂಖ್ಯೆಗಳನ್ನು ಅವಿಭಾಜ್ಯ ಅಪವರ್ತನಗಳಾಗಿ ಬಿಡಿಸಲಿ. 11 ಅವಿಭಾಜ್ಯ. 111 ಎಂದರೆ 3 × 37. 1111 ಎಂದರೆ 11 × 101. 11111 ಎಂದರೆ 41 × 271. ಏಳು ಒಂದುಗಳು ಎಂದರೆ 239 × 4649, ಅಷ್ಟೇ, ಅದಕ್ಕಿಂತ ಒಡೆಯುವುದಿಲ್ಲ. ಆದರೆ ಆರು ಒಂದುಗಳನ್ನು ನೋಡಿ. 111111 ಎಂದರೆ 111 × 1001. 111ರಲ್ಲಿ 3 ಮತ್ತು 37, 1001ರಲ್ಲಿ 7, 11, 13. ಒಟ್ಟು ಐದು ಬೇರೆ ಬೇರೆ ಅವಿಭಾಜ್ಯಗಳು, ಐದೂ ಚಿಕ್ಕವು. ಅದರಿಂದ 111111ಕ್ಕೆ 32 ಭಾಜಕಗಳು. ಎರಡರಿಂದ ಒಂಬತ್ತು ಒಂದುಗಳವರೆಗಿನ ಸಂಖ್ಯೆಗಳಲ್ಲಿ ಬೇರೆ ಯಾವುದಕ್ಕೂ ಇಷ್ಟಿಲ್ಲ. ಎಂಟು ಒಂದುಗಳಿಗೆ 16, ಒಂಬತ್ತು ಒಂದುಗಳಿಗೆ 12. ಏರಿಳಿಯುವ ಹಾರವನ್ನು ಎರಡು ತುಂಡು ಮಾಡಲು ಇಷ್ಟು ಬಗೆಯ ಅವಕಾಶ ಆರರಲ್ಲಿ ಮಾತ್ರ ಇದೆ. ಏಳಕ್ಕೆ ಹೋಗಿದ್ದರೆ ಆತನ ಕೈಗೆ ಸಿಗುತ್ತಿದ್ದದ್ದು 239 ಮತ್ತು 4649ರ ವರ್ಗಗಳು. ಎರಡೂ ಬಾಯಿಲೆಕ್ಕಕ್ಕೆ ಒಗ್ಗದವು.

12345654321ರ ಅವಿಭಾಜ್ಯ ಅಪವರ್ತನಗಳು 3, 7, 11, 13, 37. ಪ್ರತಿಯೊಂದೂ ಎರಡೆರಡು ಸಲ. ಭಾಜಕಗಳು 3ರ ಐದನೆಯ ಘಾತದಷ್ಟು, ಅಂದರೆ 243. ಬೆಸ ಸಂಖ್ಯೆ; ವರ್ಗಸಂಖ್ಯೆಗಳಿಗೆ ಯಾವಾಗಲೂ ಹಾಗೆಯೇ, ವರ್ಗಮೂಲಕ್ಕೆ ಜೊತೆಗಾರ ತಾನೇ ಆಗಿರುವುದರಿಂದ. ಎರಡು ಸಂಖ್ಯೆಗಳ ಗುಣಲಬ್ಧವಾಗಿ ಇದನ್ನು 122 ರೀತಿಯಲ್ಲಿ ಬರೆಯಬಹುದು. ಅವುಗಳಲ್ಲಿ ಎರಡೂ ಕಡೆ ವರ್ಗವೇ ಇರುವವು 16. ಕೆಲವನ್ನು ಹಲಗೆಯ ಮೇಲೆ ಬರೆಯಿರಿ: 9 × 1371739369, 49 × 251952129, 121 × 102030201, 441 × 27994681. 121ರದ್ದನ್ನು ನೋಡಿ, 102030201 ಎಂಬ ಗುಣ್ಯ ತಾನೇ ಏರಿಳಿಯುತ್ತಿದೆ, ಉತ್ತರವನ್ನು ಮೊದಲೇ ಹೇಳಿಬಿಡುತ್ತದೆ. 441ರ ಜೊತೆಯ 27994681 ಏನನ್ನೂ ಬಿಟ್ಟುಕೊಡುವುದಿಲ್ಲ. ಗುಣಕವೂ ಹಿತವಾದದ್ದು: 4, 4, 1. ಬಿಡಿ ಅಂಕಿಗಳಿಂದ ಗುಣಿಸುವಾಗ ಒಂದೇ ಸಾಲನ್ನು ಎರಡು ಸಲ ಬರೆದರಾಯಿತು, ನಿಮ್ಮ ಮಕ್ಕಳು ಬರೆದಂತೆ. ಶಿಷ್ಯರ ಕೈಗೆ ಲೆಕ್ಕ ಕೊಡುವ ಮೇಷ್ಟ್ರ ಆಯ್ಕೆ ಇದು. ಹದಿನಾರರಲ್ಲಿ ನಾನಾದರೂ ಇದನ್ನೇ ಆರಿಸುತ್ತಿದ್ದೆ.

ಹಳೆಯ ಓಲೆ

ಶೇಷಫಲ ಅವರ ಉತ್ತರ ಓದಿ ತುಂಬ ಸಂತೋಷವಾಯಿತು. ನನ್ನದು ಸಂಸ್ಕೃತದ ಓದು, ಗಣಿತಕ್ಕೆ ಬಂದದ್ದು ಶ್ಲೋಕಗಳ ದಾರಿಯಲ್ಲಿ. ಅಪವರ್ತನದ ಮಾತು ಬಂದದ್ದರಿಂದ ಒಂದು ಸಂಗತಿ ಸೇರಿಸಬೇಕು. ಅದು ಆ ಗ್ರಂಥದಲ್ಲೇ ಇದೆ, ಈ ಲೆಕ್ಕಗಳಿಗಿಂತ ಸ್ವಲ್ಪ ಮೊದಲು.

ಮಹಾವೀರ ಪರಿಕರ್ಮಗಳನ್ನು, ಅಂದರೆ ಗಣಿತದ ಮೂಲ ಕ್ರಿಯೆಗಳನ್ನು, ಕೂಡುವ ಕಳೆಯುವ ಕ್ರಮದಿಂದ ಆರಂಭಿಸುವುದಿಲ್ಲ. ನೇರವಾಗಿ ಗುಣಾಕಾರಕ್ಕೆ ಬರುತ್ತಾನೆ. ಅಲ್ಲಿನ ಸೂತ್ರ ಕಪಾಟಸಂಧಿಯ ಕ್ರಮವನ್ನು ಹೇಳುತ್ತದೆ. ಗುಣ್ಯ ಗುಣಕಗಳನ್ನು ಬಾಗಿಲಿನ ಎರಡು ಕದಗಳ ಹಾಗೆ ಒಂದರ ಮೇಲೊಂದು ಹೊಂದಿಸಿ ಸರಿಸುತ್ತ ಗುಣಿಸುವುದು ಅದು. ಅದೇ ಸೂತ್ರದಲ್ಲಿ ಇನ್ನೊಂದು ಅನುಮತಿಯೂ ಇದೆ: ಗುಣ್ಯವನ್ನು ಅದರ ಒಂದು ಅಪವರ್ತನದಿಂದ ಭಾಗಿಸಿ, ಗುಣಕವನ್ನು ಅದೇ ಅಪವರ್ತನದಿಂದ ಗುಣಿಸಿಕೊಳ್ಳಬಹುದು. ಅಥವಾ ಗುಣಕದಿಂದ ತೆಗೆದು ಗುಣ್ಯಕ್ಕೆ ಕೊಡಬಹುದು. ಅಥವಾ ಇದ್ದ ಹಾಗೆಯೇ ಗುಣಿಸಬಹುದು.

ಈ ಅನುಮತಿಯನ್ನು ಹಿಡಿದು 27994681 × 441ನ್ನು ಮತ್ತೆ ನೋಡಿ. ಗುಣ್ಯದಿಂದ 5291ನ್ನು ತೆಗೆದು ಗುಣಕಕ್ಕೆ ಕೊಟ್ಟರೆ ಲೆಕ್ಕ 5291 × 2333331 ಆಗುತ್ತದೆ. ಈಗ 2333331ರಿಂದ 21ನ್ನು ತೆಗೆದು ಆ ಕಡೆಗೆ ಕೊಡಿ: 111111 × 111111. ಎರಡೇ ಹೆಜ್ಜೆ. ಸೂತ್ರವನ್ನು ಕಲಿತ ವಿದ್ಯಾರ್ಥಿ ಅದರ ಕೆಳಗಿನ ಉದಾಹರಣೆಯಲ್ಲಿ ಅದೇ ಸೂತ್ರದ ಬಲವನ್ನು ಕಾಣುತ್ತಾನೆ. ಬಸದಿಗಳಿಗೆ ತಾವರೆ ಅರ್ಪಿಸುವ ಲೆಕ್ಕಗಳ ಜೊತೆ ಈ ಹಾರಗಳನ್ನು ಇಟ್ಟಿರುವುದು ಅಲಂಕಾರಕ್ಕೆ ಮಾತ್ರವಲ್ಲ ಎಂದು ನನ್ನ ದೃಢವಾದ ನಂಬಿಕೆ.

ಮಕ್ಕಳಿಗೆ ಸಂಖ್ಯೆಯನ್ನು ಓದಲು ಹೇಳುವಾಗ ಆತನ ಸ್ಥಾನಗಳ ಹೆಸರಿನಲ್ಲೂ ಓದಿಸಿ. ಏಕ, ದಶ, ಶತ, ಸಹಸ್ರ, ದಶಸಹಸ್ರ, ಲಕ್ಷ, ದಶಲಕ್ಷ, ಕೋಟಿ, ದಶಕೋಟಿ, ಶತಕೋಟಿ, ಅರ್ಬುದ. ಹೀಗೆ ಮಹಾಕ್ಷೋಭದವರೆಗೆ ಇಪ್ಪತ್ತನಾಲ್ಕು ಸ್ಥಾನಗಳನ್ನು ಆತ ಹೆಸರಿಸುತ್ತಾನೆ. ನಮ್ಮ ಸಂಖ್ಯೆಗೆ ಹನ್ನೊಂದು ಅಂಕಿ, ಎಡತುದಿಯ 1 ಅರ್ಬುದದಲ್ಲಿ ನಿಲ್ಲುತ್ತದೆ, ಶಿಖರದ 6 ಲಕ್ಷದಲ್ಲಿ. ನಾವು ಇಂದು ಓದುವ ರೀತಿಯಲ್ಲಿ ಸಾವಿರದ ಇನ್ನೂರ ಮೂವತ್ತನಾಲ್ಕು ಕೋಟಿ ಐವತ್ತಾರು ಲಕ್ಷ ಐವತ್ತನಾಲ್ಕು ಸಾವಿರದ ಮುನ್ನೂರ ಇಪ್ಪತ್ತೊಂದು.

ಆಧಾರ ಏಳು

ಬೆಂಗಳೂರಿನಲ್ಲಿ ತಂತ್ರಾಂಶದ ಕೆಲಸ ಮಾಡುತ್ತೇನೆ, ಸಂಜೆಗಳು ಸಂಖ್ಯೆಗಳಿಗೆ ಮೀಸಲು. ಶೇಷಫಲ ಮೇಡಂ ಹೇಳಿದ "ಏಕೆ ಆರು" ಎಂಬ ಮಾತನ್ನು ಇನ್ನೊಂದು ಹೆಜ್ಜೆ ಮುಂದಕ್ಕೆ ಒಯ್ಯಬಹುದು. ಆರಕ್ಕೆ ಸಿಕ್ಕ ಈ ಭಾಗ್ಯ ಹತ್ತರ ಪದ್ಧತಿಯ ಕೊಡುಗೆಯೇ, ಇಲ್ಲ ಆರರ ಸ್ವಂತದ್ದೇ?

ಒಂದು ಸ್ಥಾನದ ಬೆಲೆ ಅದರ ಬಲಗಡೆಯ ಸ್ಥಾನದ ಎಷ್ಟು ಪಟ್ಟು ಎಂಬುದೇ ಸಂಖ್ಯಾಪದ್ಧತಿಯ ಆಧಾರ; ಅದನ್ನು 10ರ ಬದಲು 'ಅ' ಎಂದು ಇಟ್ಟುಕೊಳ್ಳೋಣ. ಆಗ ಆರು ಒಂದುಗಳು ಎಂದರೆ ಅ⁵ + ಅ⁴ + ಅ³ + ಅ² + ಅ + 1. ಇದು ಯಾವ ಆಧಾರದಲ್ಲೂ ಮೂರು ಅಪವರ್ತನಗಳಾಗಿ ಒಡೆಯುತ್ತದೆ: (ಅ + 1), (ಅ² + ಅ + 1), (ಅ² − ಅ + 1). ಹತ್ತನೆಯ ತರಗತಿಯ ಬೀಜಗಣಿತ ಸಾಕು, ಗುಣಿಸಿ ಸರಿನೋಡಬಹುದು. 'ಅ' ಎಂದರೆ 10 ಆದಾಗ ಆ ಮೂರು 11, 111, 91. ಅವುಗಳ ಗುಣಲಬ್ಧ 111111. 111 ಎಂದರೆ 3 × 37, 91 ಎಂದರೆ 7 × 13. ಐದು ಅವಿಭಾಜ್ಯಗಳು ಸಿಕ್ಕಿದವು. ಆರಕ್ಕೆ 2, 3 ಎಂಬ ಭಾಜಕಗಳಿವೆ ಎಂಬುದೇ ಮೂರು ತುಂಡುಗಳ ಮೂಲ. ಏಳು ಅವಿಭಾಜ್ಯ, ಏಳು ಒಂದುಗಳ ಸಂಖ್ಯೆಗೆ ಹೀಗೆ ಎಲ್ಲ ಆಧಾರದಲ್ಲೂ ಒಡೆಯುವ ಸೂತ್ರವೇ ಇಲ್ಲ. 239 × 4649 ಎಂಬುದು ಹತ್ತರಲ್ಲಿ ಮಾತ್ರ ನಡೆಯುವ ಸಂಗತಿ.

12345654321ನ್ನು ಬರೆಯಲು 0ಯಿಂದ 6ರವರೆಗಿನ ಅಂಕಿ ಸಾಕು. ಅದರಿಂದ ಆಧಾರ 7ರಲ್ಲೂ ಇದನ್ನು ಬರೆಯಬಹುದು, ಅದಕ್ಕಿಂತ ಚಿಕ್ಕ ಆಧಾರದಲ್ಲಿ ಆಗುವುದಿಲ್ಲ. ಆಧಾರ 7ರ 111111 ಎಂದರೆ ನಮ್ಮ ಲೆಕ್ಕದಲ್ಲಿ 8 × 57 × 43, ಅಂದರೆ 19608. ಆಧಾರ 7ರಲ್ಲಿ ಬರೆದ 12345654321 ಎಂದರೆ 384473664. ಅದು 19608ರ ವರ್ಗವೇ. ಏಳರಿಂದ ಮೇಲಿನ ಪ್ರತಿ ಆಧಾರದಲ್ಲೂ ಈ ಅಂಕಿಗಳ ಸಾಲು ಪೂರ್ಣವರ್ಗವಾಗಿಯೇ ಇರುತ್ತದೆ. ಒಂದು ಸಂಖ್ಯೆಯ ಬಗ್ಗೆ ಆರಂಭವಾದ ಮಾತು ಒಂದು ಆಕಾರದ ಬಗ್ಗೆ ಆಯಿತು ಎಂಬುದು ನನಗೆ ಬಹಳ ಹಿಡಿಸಿದ ವಿಷಯ.

ಇನ್ನೊಂದು ಸಲಹೆ ಮಕ್ಕಳಿಗಾಗಿ. ಮಹಾವೀರನ ಬೇರೆ ಹಾರಗಳನ್ನೂ ಇದೇ ರೀತಿ ವರ್ಗ ಮಾಡಿ ಹೊಸ ಲೆಕ್ಕ ಕಟ್ಟಬಹುದು. 73 × 152207 ಎಂಟು ಒಂದುಗಳಲ್ಲವೇ? ಎರಡನ್ನೂ ವರ್ಗ ಮಾಡಿ: 5329 × 23166970849 = 123456787654321. ಒಂಬತ್ತರದ್ದು ಹೀಗೆ: 81 × 152415789971041 = 12345678987654321. ಮಹಾವೀರನಲ್ಲಿ 14287143 × 7 = 100010001 ಎಂಬುದೂ ಇದೆ; ಅದನ್ನು ವರ್ಗ ಮಾಡಿದರೆ 49 × 204122455102449 = 10002000300020001. ಪ್ರತಿಯೊಬ್ಬ ವಿದ್ಯಾರ್ಥಿಯೂ ತನ್ನದೇ ಒಂದು ಕಂಠಾಭರಣ ಕಟ್ಟಿ ಪಕ್ಕದವರಿಗೆ ಗುಣಿಸಲು ಕೊಡಲಿ.

ಕಾಗಿಣಾ ದಡ

ಮೂವರಿಗೂ ಹೃತ್ಪೂರ್ವಕ ವಂದನೆಗಳು. ವರ್ಗಮೂಲದ ದಾರಿಯನ್ನು ತರಗತಿಯಲ್ಲಿ ನಡೆಸಿದೆ. 5291 ಬಂದು ಶೇಷ ಸೊನ್ನೆಯಾದಾಗ ಮಕ್ಕಳ ಮುಖದಲ್ಲಿ ಕಂಡದ್ದು ಚಪ್ಪಾಳೆಯ ದಿನದ ಬೆರಗಿಗಿಂತ ಬೇರೆ. ಪ್ರಶ್ನೆ ಕೇಳಿದ ಹುಡುಗಿ 21ರಿಂದ 5291ನ್ನು ಗುಣಿಸಿ, ನಾನು ಏನೂ ಹೇಳುವ ಮೊದಲೇ, "ಹಾಗಾದರೆ ಅವರು 111111ನ್ನು ಮೊದಲು ಒಡೆದಿದ್ದಾರೆ" ಎಂದಳು.

ಆದರೆ ಹಾರ ಕಟ್ಟುವ ಆಟದಲ್ಲಿ ಹೊಸ ತೊಡಕು ಬಂದಿದೆ. ಕೆಲವರು ಅತಿ ಚಿಕ್ಕದನ್ನು ಹಿಡಿದರು, 139 × 109 = 15151. ಅದನ್ನು ವರ್ಗ ಮಾಡಿದರೆ 229552801. ಹಿಂದಿನಿಂದ ಓದಿದರೆ ಬೇರೆಯೇ ಸಂಖ್ಯೆ. ದಶಕ ಹೋದದ್ದರಿಂದ ಕೆಟ್ಟಿತು ಎಂದು ವಿವರಿಸಿದೆ. "ವರ್ಗ ಮಾಡುವ ಮೊದಲೇ ಕೆಡುತ್ತದೋ ಇಲ್ಲವೋ ತಿಳಿಯಬಹುದೇ?" ಎಂದು ಕೇಳುತ್ತಿದ್ದಾರೆ. ಮಹಾವೀರನ ಹಾರಗಳಲ್ಲಿ ಹದಿನಾಲ್ಕು ಅಂಕಿಯದ್ದೂ ಒಂದಿದೆ; ಅದನ್ನು ವರ್ಗ ಮಾಡಲು ಯಾರಿಗೂ ತಾಳ್ಮೆ ಇಲ್ಲ, ಅದಕ್ಕೆ ಮೊದಲೇ ಗೊತ್ತಾದರೆ ಒಳ್ಳೆಯದು ಎಂಬುದು ಅವರ ವಾದ. ನ್ಯಾಯವಾದ ವಾದ.

ಶೇಷಫಲ

ಮೇಷ್ಟ್ರೇ, ತಿಳಿಯಬಹುದು, ಪರೀಕ್ಷೆ ಬಹಳ ಸುಲಭ. ಹಾರದ ಪ್ರತಿಯೊಂದು ಅಂಕಿಯನ್ನೂ ವರ್ಗ ಮಾಡಿ, ಆ ವರ್ಗಗಳನ್ನು ಕೂಡಿಸಿ. ಮೊತ್ತ ಒಂಬತ್ತನ್ನು ಮೀರದಿದ್ದರೆ ಹಾರದ ವರ್ಗವೂ ಹಾರ.

ಕಾರಣ ಹೀಗಿದೆ. ಎರಡೂ ಕಡೆಯಿಂದ ಒಂದೇ ಆಗಿ ಓದುವ ಸಂಖ್ಯೆಯನ್ನು ಅದರಿಂದಲೇ ಗುಣಿಸುವಾಗ ನಡುವಿನ ಕಂಬಸಾಲಿನಲ್ಲಿ ಪ್ರತಿ ಅಂಕಿಯೂ ತನ್ನ ಪ್ರತಿಬಿಂಬದೊಂದಿಗೆ ಗುಣಿಸಲ್ಪಡುತ್ತದೆ, ಅಂದರೆ ತನ್ನಷ್ಟೇ ಆದ ಅಂಕಿಯೊಂದಿಗೆ. ಅದರಿಂದ ನಡುವಿನ ಸಾಲಿನ ಮೊತ್ತ ಅಂಕಿಗಳ ವರ್ಗಗಳ ಮೊತ್ತವೇ. ಪಕ್ಕದ ಸಾಲುಗಳಲ್ಲಿ ಬೇರೆ ಬೇರೆ ಅಂಕಿಗಳು ಜೊತೆಯಾಗುತ್ತವೆ. ಯಾವ ಎರಡು ಅಂಕಿಗಳನ್ನು ತೆಗೆದುಕೊಂಡರೂ ಅವುಗಳ ಗುಣಲಬ್ಧದ ಎರಡರಷ್ಟು ಅವುಗಳ ವರ್ಗಗಳ ಮೊತ್ತವನ್ನು ಮೀರುವುದಿಲ್ಲ. ವ್ಯತ್ಯಾಸದ ವರ್ಗ ಋಣವಾಗಲಾರದು ಎಂಬುದರಿಂದ ಇದು ಬರುತ್ತದೆ, ಒಂಬತ್ತನೆಯ ತರಗತಿಯ ನಿತ್ಯಸಮೀಕರಣವೇ ಸಾಕು. ಆದ್ದರಿಂದ ನಡುವಿನ ಸಾಲಿಗಿಂತ ಹೆಚ್ಚಿನ ಮೊತ್ತ ಬೇರೆ ಯಾವ ಸಾಲಿನಲ್ಲೂ ಇರುವುದಿಲ್ಲ. ನಡುವೆ ದಶಕ ಹೋಗದಿದ್ದರೆ ಎಲ್ಲಿಯೂ ಹೋಗುವುದಿಲ್ಲ. ಎಲ್ಲ ಸಾಲುಗಳೂ ಎರಡು ಕಡೆ ಸಮವಾಗಿರುವುದರಿಂದ ಉತ್ತರವೂ ಹಾಗೆಯೇ ಓದುತ್ತದೆ.

111111ಕ್ಕೆ ಈ ಮೊತ್ತ 6. ಒಂಬತ್ತು ಒಂದುಗಳಿಗೆ 9, ಅಂಚಿನಲ್ಲಿ ಪಾರು. 100010001ಕ್ಕೆ 3. 15151ಕ್ಕೆ 1 + 25 + 1 + 25 + 1, ಅಂದರೆ 53. ನಡುವಿನ ಸಾಲಿನಲ್ಲೇ ಐವತ್ತಮೂರು ಸೇರಿದರೆ ಕ್ರಮ ಉಳಿಯುವ ಮಾತಿಲ್ಲ.

ಹದಿನಾಲ್ಕು ಅಂಕಿಯದ್ದಕ್ಕೆ ಹೆದರಿದ ಮಕ್ಕಳಿಗೆ ಹೇಳಿ, ಅದು ಎಲ್ಲಕ್ಕಿಂತ ಸುಲಭ. 333333666667 × 33 = 11000011000011. ಅದರಲ್ಲಿರುವುದು ಆರು ಒಂದುಗಳು ಮತ್ತು ಸೊನ್ನೆಗಳು, ಮೊತ್ತ 6. ವರ್ಗ ಮಾಡಿದರೆ 121000242000363000242000121. ಇಪ್ಪತ್ತೇಳು ಅಂಕಿಗಳು, ಮಹಾವೀರ ಹೆಸರಿಟ್ಟ ಇಪ್ಪತ್ತನಾಲ್ಕು ಸ್ಥಾನಗಳನ್ನೂ ದಾಟಿ ಮೂರು ಸ್ಥಾನ ಹೆಚ್ಚು. 121, 242, 363 ಎಂದು ಅಲ್ಲಿ ಏರುತ್ತಿರುವುದು 11ರ ವರ್ಗದ ಒಂದು, ಎರಡು, ಮೂರರಷ್ಟು ಎಂಬುದನ್ನು ಅವರೇ ಗುರುತಿಸಲಿ.

ಮತ್ತೊಂದನ್ನು ಅವರ ಕೈಯಲ್ಲೇ ಮಾಡಿಸಿ: 11011011 × 91 = 1002002001, ಇದೂ ಆತನದೇ ಹಾರ. ಅಂಕಿಗಳ ವರ್ಗಗಳ ಮೊತ್ತ 1 + 4 + 4 + 1, ಸರಿಯಾಗಿ ಹತ್ತು. ಒಂದೇ ಒಂದು ಹೆಚ್ಚು. ವರ್ಗ 1004008010008004001. ಮೂರು ಮೂರು ಅಂಕಿಯಾಗಿ ಬಿಡಿಸಿ ಓದಿದರೆ 1, 004, 008, 010, 008, 004, 001. ಹಾರ ಉಳಿದಂತೆಯೇ ಕಾಣುತ್ತದೆ. ಒಂದೊಂದೇ ಅಂಕಿಯಾಗಿ ಬಲದಿಂದ ಓದುತ್ತ ಬಂದರೆ ನಡುವಿನ ಆ 010ರ ಹತ್ತಿರ ತಪ್ಪುತ್ತದೆ, ಅಲ್ಲಿಂದ ಎಡಕ್ಕೆ ಸರಿದ ದಶಕ ಯಾವುದೆಂದು ಮಕ್ಕಳು ಬೆರಳಿಟ್ಟು ತೋರಿಸಬಹುದು.